ಪಕ್ಕದ ಕೋಣೆಯ ಹುಡುಗ

ಅಕ್ಟೋಬರ್ ೧೯, ಗುರುವಾರ

ಪಾರ್ಶ್ವವಾಯು ಬಡಿದ ಅಣ್ಣನನ್ನು ಆಸ್ಪತ್ರೆಯಿಂದ ನನ್ನ ಮನೆಗೆ ಕರೆತಂದು ಒಂದು ತಿಂಗಳಾಯಿತು. ಬಲಗೈ ಮೇಲೇಳುವುದಿಲ್ಲ, ಮುಷ್ಟಿ ಪೂರ್ತಿ ಬಿಚ್ಚುವುದಿಲ್ಲ, ಮಾತು ನಡುವೆ ಸಿಕ್ಕಿಕೊಳ್ಳುತ್ತದೆ. ಅಷ್ಟು ಬಿಟ್ಟರೆ ಗಟ್ಟಿಯಾಗಿದ್ದಾನೆ. ಮಾತು ಸಿಕ್ಕಿಕೊಂಡಾಗ ಉಳಿದರ್ಧವನ್ನು ನಾನೇ ಹೇಳಿಬಿಡುತ್ತೇನೆ. ಹಾಗೆ ಮಾಡಬೇಡಿ, ಕಾಯಿರಿ ಎಂದು ಅವನಿಗೆ ಮಾತು ಕಲಿಸಲು ಬರುವ ಹುಡುಗಿ ನನ್ನನ್ನೇ ಗದರುತ್ತಾಳೆ. ಜೀವಮಾನವೆಲ್ಲ ಪಾಠ ಹೇಳಿದವಳು ನಾನು. ಅರ್ಧ ವಾಕ್ಯ ಗಾಳಿಯಲ್ಲಿ ತೂಗುತ್ತಿದ್ದರೆ ನನ್ನಿಂದ ಸಹಿಸಲಾಗುವುದಿಲ್ಲ.

ಊಟದ ಹೊತ್ತಿಗೆ ಇಸ್ಮಿನಿಯ ಫೋನ್ ಬಂತು. ಶಾಲೆಯಲ್ಲಿ ನನ್ನ ಜಾಗಕ್ಕೆ ಬಂದವಳು.

“ಟೀಚರ್, ಈ ನವೆಂಬರಿಗೆ ಪಾಲಿಟೆಕ್ನಿಕ್ ದಂಗೆಗೆ ಐವತ್ತು ವರ್ಷ ಆಗುತ್ತಲ್ಲ. ಮಕ್ಕಳನ್ನ ಪಾರ್ಕಿನೊಳಗಿನ ಮ್ಯೂಸಿಯಮ್ಮಿಗೆ ಕರ್ಕೊಂಡು ಹೋಗ್ತಿದ್ದೀನಿ. ನೀವು ಪ್ರತಿ ವರ್ಷ ಹೇಳ್ತಿದ್ರಲ್ಲ ನಿಮ್ಮಣ್ಣನ ಕಥೆ, ಅದನ್ನ ಅಲ್ಲೇ ನಿಂತು ಹೇಳಿದ್ರೆ ಹೇಗೆ? ಅವರೂ ಬರೋ ಹಾಗಿದ್ರೆ ಇನ್ನೂ ಚೆನ್ನ.”

ಆ ಕಟ್ಟಡದಲ್ಲೇ ಅಣ್ಣ ಇದ್ದದ್ದು. ಸೈನ್ಯ ನಮ್ಮನ್ನು ಆಳುತ್ತಿದ್ದ ಕಾಲದಲ್ಲಿ ಎದುರು ನಿಂತ ಹುಡುಗ ಹುಡುಗಿಯರನ್ನು ಮಿಲಿಟರಿ ಪೊಲೀಸರು ತಂದು ಕೂಡಿಹಾಕುತ್ತಿದ್ದ ಜಾಗ. ಬದುಕಿ ಬಂದವರೇ ಮುಂದೆ ಅದನ್ನು ಮ್ಯೂಸಿಯಂ ಮಾಡಿ ನೋಡಿಕೊಳ್ಳುತ್ತಿದ್ದಾರೆ. ಅಣ್ಣ ಒಮ್ಮೆಯೂ ಹೋಗಿಲ್ಲ. ಅವನು ಹೋಗದ ಕಡೆ ನನಗೇನು ಕೆಲಸವೆಂದು ನಾನೂ ಹೋಗಿಲ್ಲ. ಆದರೆ ವಿದ್ಯಾರ್ಥಿಗಳು ಸೇರಿದ್ದ ಪಾಲಿಟೆಕ್ನಿಕ್ಕಿನ ಗೇಟು ಮುರಿದು ಸೈನ್ಯದ ಟ್ಯಾಂಕು ನುಗ್ಗಿದ ದಿನ ಪ್ರತಿ ವರ್ಷ ಬಂದಾಗಲೂ ತರಗತಿಯಲ್ಲಿ ಹೇಳುತ್ತಿದ್ದೆ. ಇಪ್ಪತ್ತೊಂದು ವರ್ಷದ ನನ್ನ ಅಣ್ಣನನ್ನು ಮೂರು ದಿನ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು, ಹನಿ ನೀರು ಕೊಡಲಿಲ್ಲ, ಆದರೂ ಅವನು ಒಂದು ಹೆಸರು ಬಾಯಿ ಬಿಡಲಿಲ್ಲ. ಹಿಂದಿನ ಬೆಂಚಿನ ಪೋಕರಿಗಳೂ ಆಗ ತೆಪ್ಪಗಾಗುತ್ತಿದ್ದರು.

ಫೋನಿಟ್ಟ ಮೇಲೆ ಅಣ್ಣ ಕೇಳಿದ, “ಅಲ್ಲಿ ಯಾರು... ತೋರಿಸ್ತಾರಂತೆ?”

“ಅರ್ಗಿರಿಸ್ ಅನ್ನೋರಂತೆ. ಎರಡು ಕೋಲು ಹಿಡಿದು ನಡೀತಾರಂತೆ ಪಾಪ. ನಿನಗೆ ಗೊತ್ತಾ?”

ಚಮಚ ಕೆಳಗಿಟ್ಟ. “ಬರ್ತೀನಿ ಅಂತ ಹೇಳು.”

ಖುಷಿಯಿಂದ ನನ್ನ ಕಣ್ಣು ತುಂಬಿತು. ಅಮ್ಮ ಇರಬೇಕಿತ್ತು.

ಅಕ್ಟೋಬರ್ ೨೨, ಭಾನುವಾರ

ಬೆಳಗ್ಗೆ ಅವನು ಹಾಸಿಗೆಯಲ್ಲಿರಲಿಲ್ಲ. ಅಡುಗೆಮನೆಗೆ ಹೋಗುವ ಕಾರಿಡಾರಿನಲ್ಲಿ, ಗೋಡೆಗೆ ಒಂದು ಗೇಣು ದೂರದಲ್ಲಿ, ಮುಖ ಗೋಡೆಗೆ ಮಾಡಿ, ಎರಡೂ ಕೈ ತೊಡೆಗೆ ಅಂಟಿಸಿಕೊಂಡು ನಿಂತಿದ್ದ.

“ಏನು ಮಿಲ್ತೋ, ಬಾತ್ರೂಮಿಗಾ?”

“ಅಲ್ಲ.”

“ಮತ್ತೆ? ಬಾ, ಕೂತ್ಕೋ.”

“ಕೂತ್ಕೋ ಅಂತ... ಇನ್ನೂ...”

“ನಾನೇ ಹೇಳ್ತಿದ್ದೀನಲ್ಲ” ಎಂದು ಅವನ ಮಾತು ಮುಗಿಸಿ ತೋಳು ಹಿಡಿದು ಎಳೆದೆ. ಕಂಬ ಎಳೆದ ಹಾಗಾಯಿತು. ಕಾಫಿ ಉಕ್ಕಿದ ವಾಸನೆ ಬಂದು ಒಳಗೆ ಓಡಿದೆ. ಒಲೆ ಒರೆಸಿ ಬರುವಷ್ಟರಲ್ಲಿ ತಾನೇ ಕುರ್ಚಿಗೆ ಬಂದಿದ್ದ. ಏನೂ ಆಗದವನಂತೆ ಬ್ರೆಡ್ಡಿಗೆ ಜೇನು ಸವರಿಕೊಡು ಎಂದ. ಲೋಟದ ನೀರು ಮಾತ್ರ ಮುಟ್ಟಲಿಲ್ಲ.

ಅಕ್ಟೋಬರ್ ೨೫, ಬುಧವಾರ

ಮತ್ತೆ ನಿಂತಿದ್ದ. ನಿನ್ನೆಯೂ. ಡಾಕ್ಟರು ಫೋನಿನಲ್ಲಿ, ಮಿದುಳಿಗೆ ಪೆಟ್ಟು ಬಿದ್ದವರಿಗೆ ಇಂಥ ಗೊಂದಲ ಇದ್ದದ್ದೇ, ನೀರು ಮಾತ್ರ ಕಡಿಮೆ ಮಾಡಬೇಡಿ ಎಂದರು. ಲೋಟದಲ್ಲಿ ಕೊಟ್ಟರೆ ಬಾಯಿ ಬಿಗಿ ಹಿಡಿಯುತ್ತಾನೆ. ಸೂಪು, ಕಿತ್ತಳೆ, ಕಾಫಿ ಎಂದು ಹೇಗೋ ಒಳಗೆ ಸೇರಿಸುತ್ತಿದ್ದೇನೆ.

ಮಧ್ಯಾಹ್ನ ಕೆಳಗೆ ಊಟ ತಲುಪಿಸುವವನೊಬ್ಬ ಬೈಕಿನ ಎಂಜಿನ್ ಆರಿಸದೆ ಬಿಟ್ಟು ಮಹಡಿ ಹತ್ತಿದ. ಅದು ಗುರುಗುಟ್ಟುತ್ತಲೇ ಇತ್ತು. ಅಣ್ಣ ಎದ್ದು ಬಾಲ್ಕನಿಯ ಬಾಗಿಲು ಹಾಕಿದ, ಶಟರ್ ಇಳಿಸಿದ, ಆಮೇಲೆ ಎಡಗೈಯಿಂದ ಕಿವಿ ಮುಚ್ಚಿಕೊಂಡ. ಒಂದೇ ಕಿವಿ. ಇನ್ನೊಂದು ಕೈ ಏಳುವುದಿಲ್ಲವಲ್ಲ. ನಾನು ಹೋಗಿ ಇನ್ನೊಂದು ಕಿವಿ ಮುಚ್ಚಬೇಕಿತ್ತೇನೋ. ನಾನು ರೇಡಿಯೋ ಹಾಕಿದೆ.

ಅಕ್ಟೋಬರ್ ೨೮, ಶನಿವಾರ

ರಾಷ್ಟ್ರೀಯ ಹಬ್ಬ. ಬೀದಿಯ ಬಾಲ್ಕನಿಗಳಲ್ಲೆಲ್ಲ ಬಾವುಟ. ಹಿಂದೆ ಮುಂದೆ ಯೋಚಿಸದೆ, ಮಕ್ಕಳೆದುರು ಹೇಳಲು ಬರೆದುಕೊಂಡಿದ್ದನ್ನು ಅಣ್ಣನಿಗೆ ಓದಿ ತೋರಿಸಿದೆ. ಎಲ್ಲಾದರೂ ಇಸವಿ ತಪ್ಪಿದ್ದರೆ ಹೇಳಲಿ ಎಂದು.

“ಅದನ್ನ ಹೇಳ್ಬೇಡ” ಎಂದ.

“ಯಾವುದನ್ನ?”

“ಬಾಯಿ ಬಿಡ್ಲಿಲ್ಲ... ಅನ್ನೋದು.”

“ಸಂಕೋಚ ಪಟ್ಕೊಳ್ಳೋಕೆ ಇದು ವಯಸ್ಸೇನೋ? ಮಕ್ಕಳಿಗೆ ಗೊತ್ತಾಗ್ಲಿ.”

“ಬಿಟ್ಟೆ.”

ಏನು ಬಿಟ್ಟೆ ಎಂದು ನಾನು ಕೇಳಿದೆ. ದಡ್ಡಿಯ ಹಾಗೆ.

“ಬಾಯಿ. ಅರ್ಗಿರಿಸ್ ಹೆಸರು ಹೇಳ್ದೆ. ಬೀದಿ ಹೇಳ್ದೆ. ಅಲ್ಲಿ ಕರಪತ್ರ ಅಚ್ಚು ಹಾಕೋ... ಆ ಮೆಷಿನ್...” ಮಾತು ಸಿಕ್ಕಿಕೊಂಡಿತು. ಮೊದಲ ಸಲ ಅವನ ವಾಕ್ಯ ಹೇಗೆ ಮುಗಿಯುತ್ತದೆಂದು ನನಗೆ ಗೊತ್ತಿರಲಿಲ್ಲ. “ನೆಲಮಾಳಿಗೇಲಿತ್ತು. ಅದೂ ಹೇಳ್ದೆ. ನೀರು ಕೊಟ್ರು.”

ಕಿಟಕಿಯಾಚೆ ಮೆರವಣಿಗೆಗೆ ಹೋಗುವ ಮಕ್ಕಳ ಡೋಲಿನ ಸದ್ದು.

“ತಣ್ಣಗಿತ್ತು, ಕ್ಸೆನಿ. ಅಷ್ಟು ರುಚಿಯಾದ ನೀರು... ನಾನು ಆಮೇಲೆ ಕುಡಿದೇ ಇಲ್ಲ.”

ನಾನು ಎದ್ದು ಪಾತ್ರೆ ತೊಳೆದೆ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಅಕ್ಟೋಬರ್ ೨೯

ಮಾತಾಡಿಲ್ಲ.

ಅಕ್ಟೋಬರ್ ೩೦

ಎಷ್ಟು ತರಗತಿಗಳು, ಎಷ್ಟು ಮಕ್ಕಳು. ಒಬ್ಬಳು ಹುಡುಗಿ ಅಳುತ್ತಾ ಬಂದು ನನ್ನ ಕೈಗೆ ಮುತ್ತು ಕೊಟ್ಟಿದ್ದಳು. ಪ್ರತಿ ವರ್ಷ ಶಾಲೆಯಿಂದ ಬಂದು ಅವನಿಗೆ ಫೋನು ಮಾಡಿ ಹೇಳುತ್ತಿದ್ದೆ, ಇವತ್ತು ನಿನ್ನ ಕಥೆ ಹೇಳಿದೆ ಎಂದು. ಹೌದಾ ಎನ್ನುತ್ತಿದ್ದ. ಅಷ್ಟೇ. ಹೌದಾ.

ಇಸ್ಮಿನಿಗೆ ಫೋನ್ ಮಾಡಿ ಅಣ್ಣನಿಗೆ ಜ್ವರ, ಬರಲಾಗುವುದಿಲ್ಲ ಎಂದೆ.

ನವೆಂಬರ್ ೨, ಗುರುವಾರ

ಮಾತು ಕಲಿಸುವ ಹುಡುಗಿಯ ಜೊತೆ ಅಣ್ಣನನ್ನು ಬಿಟ್ಟು, ಔಷಧಿ ತರುತ್ತೇನೆಂದು ಹೇಳಿ, ಟ್ರಾಲಿ ಬಸ್ಸು ಹತ್ತಿದೆ. ಪಾರ್ಕಿನ ಹತ್ತಿರ ಇಳಿಯುವವರೆಗೂ ಔಷಧಿ ಅಂಗಡಿಗೇ ಹೋಗುತ್ತಿದ್ದೇನೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆ ಮನುಷ್ಯನನ್ನು ದೂರದಿಂದ ನೋಡಬೇಕು, ಅವನಿಗೆ ವಿಷಯ ಗೊತ್ತಿದೆಯೋ ಇಲ್ಲವೋ ತಿಳಿಯಬೇಕು, ಅಷ್ಟೇ ಇದ್ದದ್ದು ಮನಸ್ಸಿನಲ್ಲಿ.

ಚಿಕ್ಕ ಕಟ್ಟಡ. ಇಷ್ಟು ಚಿಕ್ಕದೆಂದು ನಾನು ತಿಳಿದಿರಲಿಲ್ಲ. ಮಕ್ಕಳಿಗೆ ಹೇಳುವಾಗ ಕೋಟೆಯ ಹಾಗೆ ಹೇಳುತ್ತಿದ್ದೆ. ಮೊದಲ ಕೋಣೆಯ ಗೋಡೆ ತುಂಬ ಫೋಟೋಗಳು. ಉದ್ದ ಕೂದಲು, ಅಗಲ ಕಾಲರು, ಒಬ್ಬಳ ಕೆನ್ನೆಯಲ್ಲಿ ಮೊಡವೆ. ಎಲ್ಲರೂ ನನ್ನ ವಿದ್ಯಾರ್ಥಿಗಳ ವಯಸ್ಸಿನವರು. ಹಾಜರಿ ಕೂಗಲು ಮರೆತು ನಿಂತ ಟೀಚರನ್ನು ನೋಡುವ ಹಾಗೆ ನನ್ನನ್ನು ನೋಡುತ್ತಿದ್ದರು. ಅಣ್ಣನ ಫೋಟೋ ಹುಡುಕಿದೆ. ಇರಲಿಲ್ಲ.

ಅರ್ಗಿರಿಸ್ ನಾಲ್ಕೈದು ಕಾಲೇಜು ಹುಡುಗರಿಗೆ ತೋರಿಸುತ್ತಿದ್ದರು. ತೆಳ್ಳಗಿನ ಮುದುಕ, ಇಸ್ತ್ರಿ ಮಾಡಿದ ಅಂಗಿ, ಎರಡು ಕೋಲು. ಹೆಜ್ಜೆ ಊರುವ ಮುನ್ನ ನೆಲವನ್ನು ಅನುಮಾನದಿಂದ ನೋಡುತ್ತಾರೆ. ನಾನೂ ಹಿಂದೆ ಸೇರಿಕೊಂಡೆ.

“ಹೊರಗೆ ಒಂದು ಮೋಟಾರ್‌ಸೈಕಲ್ ನಿಲ್ಲಿಸಿರ್ತಿದ್ರು” ಎಂದರು. “ಅದು ಶುರುವಾಯ್ತು ಅಂದ್ರೆ ಮೇಲಿನ ಮಹಡೀಲಿ ಯಾರಿಗೋ ಏಟು ಬೀಳ್ತಿದೆ ಅಂತ ಅರ್ಥ. ಬೀದಿಯೋರಿಗೆ ಕೂಗು ಕೇಳಿಸಬಾರದಲ್ಲ.”

ಐವತ್ತು ವರ್ಷ ಅವನು ಬೈಕಿನ ಸದ್ದಿಗೆ ಬಾಗಿಲು ಹಾಕುವುದನ್ನು ನೋಡಿದ್ದೇನೆ. ಸಿಡುಕ ಎಂದುಕೊಂಡಿದ್ದೆ.

ಒಂದು ಕೋಣೆಯ ಬಾಗಿಲಲ್ಲಿ ನಿಂತು ಕೋಲಿನ ತುದಿಯಿಂದ ಗೋಡೆ ತೋರಿಸಿದರು. “ಈ ಕಡೆ ನಾನು. ಆ ಕಡೆ ಒಬ್ಬ ಹುಡುಗ. ನನ್ನನ್ನ ಮೇಲಿಂದ ಎಳ್ಕೊಂಡು ಬಂದು ಒಳಗೆ ಹಾಕಿದ ತಕ್ಷಣ ಅವನು ಗೋಡೆ ತಟ್ಟೋನು. ಟಕ್ ಟಕ್. ಇದ್ದೀಯಾ ಅಂತ. ನಾನು ತಟ್ಟಿದ್ರೆ ಇದ್ದೀನಿ ಅಂತ. ನಾನು ಬದುಕಿರೋದು ಎಷ್ಟೋ ಸಲ ನನಗೆ ಅವನಿಂದ ಗೊತ್ತಾಗಿದ್ದು.”

ಹುಡುಗರು ಹೋದ ಮೇಲೆ ನಾನು ಹೋಗಲಿಲ್ಲ. “ಏನಮ್ಮಾ, ಬಾಗಿಲು ಹಾಕ್ಬೇಕು” ಎಂದರು.

“ನಾನು ಮಿಲ್ತೋಸ್ ತಂಗಿ.”

ಕೋಲು ಗೋಡೆಗೆ ಒರಗಿಸಿದರು. “ಕ್ಸೆನಿ. ಜಡೆ ಇತ್ತು ನಿನಗೆ. ನಮ್ಮ ಸಿಗರೇಟ್ ಕದ್ದು ಅಮ್ಮನಿಗೆ ಕೊಡ್ತಿದ್ದೆ.”

ಮನೆಗೆ ಬರುತ್ತಿದ್ದ ಅಣ್ಣನ ಗೆಳೆಯರಲ್ಲಿ ಈ ಮುಖ ನನಗೆ ನೆನಪಿರಲಿಲ್ಲ. ನಗು ಬರಲಿಲ್ಲ. “ಅವನು ಏನು ಮಾಡಿದ ಅಂತ ನಿಮಗೆ ಗೊತ್ತಾ?”

“ಗೊತ್ತಿಲ್ಲದೆ? ತಂದ ದಿನವೇ ಅವನ ಹೇಳಿಕೆ ಓದಿ ಕೇಳಿಸಿದ್ರು. ಕೆಳಗೆ ಅವನ ಸಹಿ ತೋರಿಸಿದ್ರು. ಆಮೇಲೆ ತಂದು ಅವನ ಪಕ್ಕದಲ್ಲೇ ಹಾಕಿದ್ರು, ಬೇಕಂತಲೇ.”

“ಆದರೂ ಅವನು ತಟ್ಟಿದನಾ?”

“ತಟ್ಟಿದ. ನಾನು ತಟ್ಟಲಿಲ್ಲ. ಸಾಯಿ ಅಂದ್ಕೊಂಡೆ. ಎರಡು ದಿನ ಸುಮ್ಮನಿದ್ದೆ, ಅವನು ಬಿಡಲೇ ಇಲ್ಲ. ಮೂರನೇ ದಿನ ಮೇಲಿಂದ ಬಂದಾಗ, ಅಂಗಾಲಿಗೆ ಹೊಡೆದು ಹೊಡೆದು ನನಗೆ ಕಾಲೇ ಇಲ್ಲದ ಹಾಗಾಗಿತ್ತು. ಆವತ್ತು ತಟ್ಟಿದೆ.” ತಮ್ಮ ಪಾದಗಳ ಕಡೆ ನೋಡಿದರು. “ಇಲ್ಲಿ ನಾನು ಹೇಳೋದು ಅರ್ಧ ಕಥೆ, ಕ್ಸೆನಿ. ಉಳಿದರ್ಧ ನನ್ನದಲ್ಲ, ಅವನದು. ಅವನು ಬರಲಿಲ್ಲ, ನಾನು ಕರೀಲಿಲ್ಲ.”

“ಕ್ಷಮಿಸಿದ್ದೀರಾ?”

“ಅದು ನನಗೆ ಗೊತ್ತಿಲ್ಲ” ಎಂದು ದೀಪ ಆರಿಸಿದರು. “ಕರ್ಕೊಂಡು ಬಾ.”

ಮನೆಗೆ ಬಂದಾಗ ಮಾತು ಕಲಿಸುವ ಹುಡುಗಿ ಹೊರಟು ನಿಂತಿದ್ದಳು. “ಔಷಧಿ ಸಿಕ್ತಾ?” ಎಂದಳು. ಸಿಗಲಿಲ್ಲ ಎಂದೆ.

ನವೆಂಬರ್ ೩, ಶುಕ್ರವಾರ

ಬೆಳಗ್ಗೆ ಮತ್ತೆ ಕಾರಿಡಾರಿನಲ್ಲಿ. ಎಳೆಯಲು ಹೋಗಲಿಲ್ಲ. ಏನು ಮಾಡಬೇಕೆಂದು ತೋಚದೆ ಪಕ್ಕದಲ್ಲಿ ನಾನೂ ಗೋಡೆಗೆ ಮುಖ ಮಾಡಿ ನಿಂತೆ. ಸುಣ್ಣದಲ್ಲಿ ಕೂದಲೆಳೆಯಂಥ ಬಿರುಕುಗಳಿವೆ. ನೋಡುತ್ತಿದ್ದರೆ ಅವು ಚಲಿಸುತ್ತವೆ, ಮುಖಗಳಾಗುತ್ತವೆ. ಸ್ವಲ್ಪ ಹೊತ್ತಿಗೇ ನನ್ನ ಸೊಂಟ ಹಿಡಿಯಿತು.

“ನೀನು ಯಾಕೆ?” ಎಂದ.

“ಗೊತ್ತಿಲ್ಲ.”

“ಹುಚ್ಚಿ” ಎಂದ. ಒಟ್ಟಿಗೇ ಹೋಗಿ ಕುಳಿತೆವು.

ನವೆಂಬರ್ ೫, ಭಾನುವಾರ

ಮಧ್ಯಾಹ್ನ ಇಬ್ಬರೂ ಬೀನ್ಸ್ ಬಿಡಿಸುತ್ತಿದ್ದೆವು. ಎಡಗೈಯಲ್ಲಿ ಅವನು ಒಂದು ಬಿಡಿಸುವಷ್ಟರಲ್ಲಿ ನಾನು ಹತ್ತು. ಅರ್ಗಿರಿಸರನ್ನು ನೋಡಿ ಬಂದದ್ದನ್ನು ಹೇಳಿಬಿಟ್ಟೆ. ಅವನ ಕೈ ನಿಂತಿತು. ಮತ್ತೆ ನಡೆಯಿತು.

“ಕಾಲು ಹೇಗಿದೆ?” ಎಂದ. ಮೊದಲು ಕೇಳಿದ್ದು ಅದೇ.

“ಎರಡು ಕೋಲು.”

ತಲೆಯಾಡಿಸಿದ. ನಾನು ತಡೆಯಲಾರದೆ ಕೇಳಿದೆ. “ನಾನು ಪ್ರತಿ ವರ್ಷ ಹೇಳುವಾಗ ಒಂದು ಸಲ ಆದ್ರೂ ಬೇಡ ಅನ್ನಬಾರದಾಗಿತ್ತಾ? ಅಮ್ಮ ಸಾಯೋವರೆಗೂ ಚರ್ಚಿನ ಅಂಗಳದಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳ್ಕೊಂಡು ತಿರುಗಿದಳಲ್ಲ, ಅವಳಿಗಾದ್ರೂ?”

“ಅಮ್ಮನಿಗೆ ಗೊತ್ತಿತ್ತು.”

ನಾನು ಕಾದೆ. ಅವನ ತುಟಿ ಹಲವು ಸಲ ತೆರೆದು ಮುಚ್ಚಿತು.

“ಅವರು ನನ್ನನ್ನ ಬಿಟ್ಟು ಕಳಿಸಿದ ದಿನವೇ ಹೇಳ್ದೆ. ಸ್ನಾನ ಮಾಡಿಸ್ತಿದ್ಳು ನನಗೆ, ಮಗೂಗೆ ಮಾಡಿಸೋ ಹಾಗೆ. ಬೆನ್ನು ತಿಕ್ಕೋದು ನಿಲ್ಸಿದ್ಳು. ಇನ್ನು ಯಾರಿಗೂ ಹೇಳ್ಬೇಡ ಅಂದ್ಳು. ಮಾರನೇ ದಿನ ಬ್ರೆಡ್ ತರೋಕೆ ಹೋದ್ಳಲ್ಲ... ಆ ಅಂಗಡಿ ಸಾಲಲ್ಲಿ ನಿಂತು ತಾನೇ ಶುರು ಮಾಡಿದ್ಳು. ನನ್ನ ಮಗ ಬಾಯಿ ಬಿಡ್ಲಿಲ್ಲ ಅಂತ.”

ಆ ಬ್ರೆಡ್ಡಿನ ಸಾಲಿನಲ್ಲಿ ಅವಳ ಕೈ ಹಿಡಿದು ನಾನೂ ನಿಂತಿದ್ದೆ. ಮುಂದಿದ್ದ ಹೆಂಗಸು ತಿರುಗಿ ಅಮ್ಮನನ್ನು ತಬ್ಬಿಕೊಂಡದ್ದು ನೆನಪಿದೆ. ಅಮ್ಮನ ಕೈ ನನ್ನ ಕೈಯನ್ನು ನೋಯುವಷ್ಟು ಹಿಸುಕಿದ್ದೂ ನೆನಪಿದೆ. ಹೆಮ್ಮೆಯಿಂದ ಎಂದುಕೊಂಡಿದ್ದೆ.

ಇವತ್ತು ಎಲ್ಲಿ ತಿರುಗಿದರೂ ಅಮ್ಮ ಇದ್ದಾಳೆ. ಅಡುಗೆಮನೆಯಲ್ಲಿ ನನ್ನ ಹಿಂದೆ ನಿಂತು, ಕರಿ ಬಟ್ಟೆಯಲ್ಲಿ, ಶ್ ಎನ್ನುತ್ತಿದ್ದಾಳೆ.

ನವೆಂಬರ್ ೬

ಇಸ್ಮಿನಿಗೆ ಫೋನ್ ಮಾಡಿದೆ. ಜ್ವರ ಬಿಟ್ಟಿದೆ, ಬರುತ್ತೇವೆ ಎಂದೆ.

ನವೆಂಬರ್ ೯, ಗುರುವಾರ

ಟ್ಯಾಕ್ಸಿಯಲ್ಲಿ ಹೋದೆವು. ಪಾರ್ಕಿನ ಗೇಟಿನಲ್ಲಿ ಅಣ್ಣ ನಿಂತುಬಿಟ್ಟ. ವಾಪಸ್ ಹೋಗೋಣವಾ ಎಂದೆ. ಬೇಡವೆಂದು ತಲೆಯಾಡಿಸಿದ. ಅವನ ಅಂಗಿಯ ಬೆನ್ನು ಒದ್ದೆಯಾಗಿತ್ತು, ಈ ಚಳಿಯಲ್ಲಿ.

ಬಾಗಿಲಲ್ಲೇ ಅರ್ಗಿರಿಸ್. ಇಸ್ಮಿನಿ, ಮಕ್ಕಳು ಎಲ್ಲ ಹಿಂದೆ. ಇಬ್ಬರು ಮುದುಕರೂ ಒಬ್ಬರನ್ನೊಬ್ಬರು ನೋಡಿದರು.

“ಎಲ್ಲಿದ್ದೆಯೋ ಇಷ್ಟು ದಿನ?” ಎಂದರು ಅರ್ಗಿರಿಸ್.

“ಕಿಪ್ಸೆಲಿ.”

“ನಾನು ಪಾಂಗ್ರಾತಿ. ಎರಡು ಬಡಾವಣೆಗೂ ಒಂದೇ ಟ್ರಾಲಿ ಬಸ್ಸು.”

“ಗೊತ್ತು” ಎಂದ ಅಣ್ಣ. “ಒಂದ್ಸಲ ನೀನು ಹತ್ತಿದೆ. ನಾನು... ಇಳ್ಕೊಂಡೆ.”

“ನೋಡಿದ್ದೆ” ಎಂದರು ಅರ್ಗಿರಿಸ್. ಅಷ್ಟೇ ಹೇಳಿ ಮಕ್ಕಳ ಕಡೆ ತಿರುಗಿದರು. ಅಪ್ಪಿಕೊಳ್ಳಲಿಲ್ಲ. ಕೈ ಕುಲುಕಲೂ ಇಲ್ಲ.

ಒಂದೊಂದೇ ಕೋಣೆ ತೋರಿಸಿದರು. ಗೋಡೆಯ ಹತ್ತಿರ ಬಂದಾಗ ತಟ್ಟುವ ಕಥೆ ಹೇಳಿದರು. ಹೆಸರು ಹೇಳಲಿಲ್ಲ. ಗೋಡೆ ತಟ್ಟಿದ ಆ ಹುಡುಗ, ನನ್ನ ಅಣ್ಣ, ಮಕ್ಕಳ ಹಿಂದೆಯೇ ಬಾಗಿಲಿಗೆ ಒರಗಿ ನಿಂತಿದ್ದ. ಕನ್ನಡಕದ ಹುಡುಗಿಯೊಬ್ಬಳು ಕೈ ಎತ್ತಿದಳು.

“ಅಷ್ಟು ಹಿಂಸೆ ಕೊಟ್ರೂ ಯಾರೂ ಹೇಳೇ ಇಲ್ವಾ?”

ಅರ್ಗಿರಿಸ್ ಗೋಡೆಗೆ ಒರಗಿದರು. ಇಸ್ಮಿನಿ ನನ್ನ ಕಡೆ ನೋಡಿದಳು. ಇಲ್ಲಿಂದ ಮುಂದೆ ನಾನು ಹೇಳಬೇಕಾದ ಜಾಗ ಇದೆಂದು ಅವಳಿಗೆ ಗೊತ್ತು. ನಾನು ನೆಲದ ಹಾಸುಗಲ್ಲು ನೋಡಿದೆ.

“ನಾನು... ಹೇಳ್ದೆ” ಎಂದ ಅಣ್ಣ.

ಎಲ್ಲ ಮುಖಗಳೂ ಅವನತ್ತ ತಿರುಗಿದವು.

“ಇವನ... ಹೆಸರು...” ಎಂದು ಅರ್ಗಿರಿಸರ ಕಡೆ ಎಡಗೈ ತೋರಿಸಿದ. ಆಮೇಲೆ ಮಾತು ನಿಂತಿತು. ತುಂಬ ಹೊತ್ತು ಬರಲಿಲ್ಲ. ಒಬ್ಬ ಹುಡುಗ ಕೆಮ್ಮಿದ. ಅಣ್ಣನ ದವಡೆ ಅದುರುವುದು ನನಗೆ ಕಾಣುತ್ತಿತ್ತು. “ಇವನ ಹೆಸರು ಹೇಳ್ದೆ. ನೀರಿಗೆ. ಆಮೇಲೆ ಗೋಡೆ ತಟ್ಟಿದೆ. ಬೇರೆ ಏನೂ... ಮಾಡೋಕೆ ಇರ್ಲಿಲ್ಲ.”

ಹಿಂದಿದ್ದ ಎತ್ತರದ ಹುಡುಗ ಅರ್ಗಿರಿಸರನ್ನು ಕೇಳಿದ, “ನಿಮಗೆ ಇವರ ಮೇಲೆ ಕೋಪ ಇಲ್ವಾ?”

“ಇದೆ” ಎಂದರು. “ಮಳೆ ಬರೋ ಮುಂಚೆ ಜಾಸ್ತಿ.”

ಮಕ್ಕಳಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಅಣ್ಣ ನಕ್ಕ. ಆ ನಗು ನನಗೆ ಹದಿನಾಲ್ಕು ವರ್ಷವಿದ್ದಾಗ ಕೊನೆಯ ಸಲ ಕೇಳಿದ್ದು. ಯಾವನೋ ಸತ್ತವನು ಪಕ್ಕದಲ್ಲಿ ನಕ್ಕ ಹಾಗಿತ್ತು.

ಹೊರಡುವಾಗ ಅರ್ಗಿರಿಸ್ ಒಂದು ಲೋಟ ನೀರು ತಂದು ಅಣ್ಣನ ಪಕ್ಕದ ಕಿಟಕಿಕಟ್ಟೆಯ ಮೇಲಿಟ್ಟರು. ಅವನು ಕುಡಿಯಲಿಲ್ಲ. ಆದರೆ ಟ್ಯಾಕ್ಸಿ ಬರುವವರೆಗೂ ಲೋಟವನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ.

ನವೆಂಬರ್ ೧೨

ಕಾರಿಡಾರಿನಲ್ಲಿ ನಿಂತಿದ್ದ. ಒಂದೇ ಭೇಟಿಯಲ್ಲಿ ಎಲ್ಲ ಸರಿಹೋಗುತ್ತದೆಂದು ನಾನು ಯಾಕೆ ಅಂದುಕೊಂಡೆನೋ. ಕುರ್ಚಿ ತಂದು ಪಕ್ಕದಲ್ಲಿ ಹಾಕಿಕೊಂಡು ಪೇಪರ್ ಓದಿದೆ, ಸ್ವಲ್ಪ ಜೋರಾಗಿ.

ನವೆಂಬರ್ ೧೭, ಶುಕ್ರವಾರ

ಪಾಲಿಟೆಕ್ನಿಕ್ಕಿಗೆ ಹೂ ಇಡಲು ಹೋಗೋಣವೆಂದು ಅವನೇ ಎಂದ. ಐವತ್ತು ವರ್ಷದಲ್ಲಿ ಇದೇ ಮೊದಲು. ಬೆಳಗ್ಗೆಯೇ ಹೋದೆವು. ಸಾಲು ಬೀದಿಯ ತಿರುವಿನವರೆಗೂ ಇತ್ತು. ಕೆಂಪು ಹೂ ಹಿಡಿದ ಅಜ್ಜಂದಿರು, ಹೆಗಲ ಮೇಲೆ ಕೂತ ಮಕ್ಕಳು, ಬಳೆಯಾಕಾರದ ಎಳ್ಳಿನ ಬ್ರೆಡ್ ಮಾರುವವನ ಕೂಗು.

“ಟೀಚರ್” ಎಂದು ಯಾರೋ ಕರೆದರು. ಹಣೆಯ ಮೇಲೆ ಕೂದಲಿಲ್ಲದ ಮನುಷ್ಯ. ಮುಖದೊಳಗಿಂದ ಮೂರನೇ ಬೆಂಚಿನ ಪಾವ್ಸಾನಿಯಸ್ ಇಣುಕಿದ. ಜೊತೆಗೆ ಎಂಟೊಂಬತ್ತು ವರ್ಷದ ಮಗಳು.

“ಇವಳಿಗೆ ಈಗ ತಾನೇ ನಿಮ್ಮ ಅಣ್ಣನ ಕಥೆ ಹೇಳ್ತಿದ್ದೆ. ಬಾಯಿ ಬಿಡದೇ ಇದ್ದ ಹುಡುಗನ ಕಥೆ.” ಆಮೇಲೆ ಪಕ್ಕದಲ್ಲಿದ್ದ ಅಣ್ಣನನ್ನು ನೋಡಿ, “ಇವರೇನಾ?” ಎಂದು ಕೈ ಚಾಚಿದ.

ಸಾಲು ಎರಡು ಹೆಜ್ಜೆ ಮುಂದೆ ಹೋಯಿತು.

“ಇವನೇ” ಎಂದೆ. “ಆದರೆ ನಡೆದದ್ದು ನಾನು ಹೇಳಿದ ಹಾಗಲ್ಲ ಪಾವ್ಸಾನಿಯಸ್. ಇವನು ಬಾಯಿ ಬಿಟ್ಟಿದ್ದ. ನನಗೂ ಈಗ ಗೊತ್ತಾಗಿದ್ದು.”

ಅವನ ಕೈ ಗಾಳಿಯಲ್ಲೇ ಉಳಿಯಿತು. ನಾನು ಎಷ್ಟೋ ವರ್ಷದಿಂದ ಕಟ್ಟಿದ್ದ ಏನೋ ಒಂದು ಅವನ ಮುಖದಲ್ಲಿ ಕುಸಿಯುವುದನ್ನು ನೋಡಿದೆ. ನೋಡದೆ ಇರಲಾಗಲಿಲ್ಲ. ಅಣ್ಣ ತನ್ನ ಎಡಗೈಯಿಂದ ಆ ಕೈ ಹಿಡಿದುಕೊಂಡ.

“ಇದನ್ನ ಇವಳಿಗೆ ನಾನು ಹೇಗೆ ಹೇಳಲಿ?” ಎಂದ ಪಾವ್ಸಾನಿಯಸ್. ಕೋಪವಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದ.

“ನಿಧಾನವಾಗಿ” ಎಂದ ಅಣ್ಣ. “ನನಗೂ... ಸಮಯ ಹಿಡೀತು.”

ಹೂ ಇಟ್ಟೆವು. ಮುರಿದ ಹಳೆಯ ಗೇಟು ನೆಲದ ಮೇಲೆ ಹಾಗೇ ಬಿದ್ದಿದೆ. ಅದರ ಸರಳುಗಳೆಲ್ಲ ಹೂವಿನ ಕೆಳಗೆ. ಧ್ವನಿವರ್ಧಕದಲ್ಲಿ ಸತ್ತವರ ಹೆಸರು ಓದುತ್ತಿದ್ದರು, ಹೆಸರು, ವಯಸ್ಸು, ಹೆಸರು, ವಯಸ್ಸು. ಹಿಂದಿನವರು ತಳ್ಳುತ್ತಿದ್ದರು. ಅಣ್ಣ ಪಕ್ಕಕ್ಕೆ ಸರಿದು ಗೋಡೆಗೆ ಬೆನ್ನು ಕೊಟ್ಟು ನಿಂತ. ಪ್ರತಿ ಹೆಸರಿಗೂ ಅವನ ತುಟಿ ಅಲುಗುತ್ತಿತ್ತು. ಹೆಸರುಗಳು ಮುಗಿದವು. ಧ್ವನಿವರ್ಧಕದಲ್ಲಿ ಬರೀ ಗರಗರ ಸದ್ದು. ಜನ ಚದುರಿದರು. ಅವನು ಇನ್ನೂ ಒಂದು ಹೆಸರು ಬರಲಿಕ್ಕಿದೆ ಎನ್ನುವವನ ಹಾಗೆ ತಲೆ ವಾಲಿಸಿ ಕೇಳುತ್ತಲೇ ಇದ್ದ.

ಹೋಗೋಣವೆಂದು ನಾನು ಹೇಳಲಿಲ್ಲ. ಪಕ್ಕದಲ್ಲಿ ನಿಂತು ನಾನೂ ಕೇಳಿಸಿಕೊಂಡೆ.